ನಾಲ್ವರು ಗೆಳೆಯರು, ಒಂದೇ ಪಿಸಿಎಂಬಿ: ಕುಮಟಾ ಕರಾವಳಿಯ ಒಂದು ಪ್ರಕರಣ ಅಧ್ಯಯನ

ಕುಮಟಾಕ್ಕೂ ಅಂಕೋಲಾಕ್ಕೂ ನಡುವಿನ ಒಂದು ಕರಾವಳಿ ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಿಂದ 2022ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ನಾಲ್ವರ ಕಥೆ ಇದು. ಊರಿನ ಗುರುತು, ಮನೆಯ ಕಸುಬಿನ ಕೆಲವು ವಿವರ ಮತ್ತು ಅಂಕಗಳನ್ನು ಸ್ವಲ್ಪ ಬದಲಾಯಿಸಲಾಗಿದೆ. ಯಾವ ನಿರ್ಧಾರದ ನಂತರ ಯಾವುದು ಎಂಬ ಕ್ರಮವನ್ನು ಮಾತ್ರ ಇದ್ದಂತೆಯೇ ಇಡಲಾಗಿದೆ. ಹೆಸರಿನ ಬದಲು ಊರಲ್ಲಿ ಕರೆಯುವ ಹಾಗೆ ಮನೆಯ ಗುರುತಿನಿಂದಲೇ ಕರೆಯೋಣ: ತೋಟದಮನೆಯವಳು, ಟೇಲರ್ ಮನೆಯವನು, ಅಂಗಡಿಮನೆಯವನು, ದೋಣಿಮನೆಯವನು.

ಹರೆಯದ ಗೆಳೆತನ ಮತ್ತು ಓದು ಎಂದ ಕೂಡಲೇ ನಮ್ಮಲ್ಲಿ ಮಾತು ‘ಸಹವಾಸದೋಷ’ದ ಕಡೆ ತಿರುಗುತ್ತದೆ. ಗುಟ್ಕಾ, ಮೊಬೈಲು, ಕಾಲೇಜಿಗೆ ಚಕ್ಕರ್. ಈ ಪ್ರಕರಣವನ್ನು ಆರಿಸಿಕೊಂಡದ್ದಕ್ಕೆ ಕಾರಣ, ಇಲ್ಲಿ ಅಂಥದ್ದೇನೂ ಇರಲಿಲ್ಲ. ನಾಲ್ವರೂ ಒಬ್ಬರಿಗೊಬ್ಬರು ಒಳ್ಳೆಯದನ್ನೇ ಬಯಸಿದವರು. ಅಷ್ಟಿದ್ದೂ ಅವರಲ್ಲಿ ಒಬ್ಬ ಹದಿನೇಳನೇ ವಯಸ್ಸಿಗೆ ಓದು ಬಿಟ್ಟೇಬಿಡುವ ಹಂತಕ್ಕೆ ಬಂದ.

ಹಿನ್ನೆಲೆ

ಎಂಟನೇ ತರಗತಿಯಿಂದ ನಾಲ್ವರದೂ ಒಂದೇ ದಾರಿ, ಸಂಜೆ ಒಂದೇ ಟ್ಯೂಷನ್. ತೋಟದಮನೆಯವಳ ಮನೆಯಲ್ಲಿ ಒಂದೆಕರೆಗೂ ಕಡಿಮೆ ಅಡಿಕೆ, ತೆಂಗು. ಅವಳಿಗೆ 625ಕ್ಕೆ 571 ಬಂದಿತ್ತು. ಟೇಲರ್ ಮನೆಯವನಿಗೆ 536, ಅದರಲ್ಲಿ ಗಣಿತ ಒಂದರಲ್ಲೇ 94. ಅಂಗಡಿಮನೆಯವನಿಗೆ 487. ಮಾತಿನಲ್ಲಿ ಚುರುಕು, ಗುಂಪಿನ ಅಘೋಷಿತ ಕ್ಯಾಪ್ಟನ್. ದೋಣಿಮನೆಯವನಿಗೆ 401: ಗಣಿತ 47, ವಿಜ್ಞಾನ 52. ಅವನ ಅಪ್ಪ ಪರ್ಸೀನ್ (ಸುತ್ತುಬಲೆಯ) ಬೋಟಿನಲ್ಲಿ ಪಾಲಿನ ಲೆಕ್ಕಕ್ಕೆ ಹೋಗುವವರು. ಮನೆಯದೇ ಒಂದು ಸಣ್ಣ ನಾಡದೋಣಿಯೂ ಇತ್ತು. ಅದರ ಔಟ್‌ಬೋರ್ಡ್ ಎಂಜಿನ್ ಬಿಚ್ಚಿ, ಕಾರ್ಬುರೇಟರ್ ತೊಳೆದು, ಪ್ಲಗ್ ಉಜ್ಜಿ ಮತ್ತೆ ಕೂಡಿಸುವ ಕೆಲಸ ಹತ್ತನೇ ತರಗತಿಗೆ ಬರುವ ಹೊತ್ತಿಗೆ ಹುಡುಗನದೇ ಆಗಿತ್ತು. ಮಳೆಗಾಲ ಬಂತೆಂದರೆ ಕೇರಿಯ ನಾಲ್ಕಾರು ಮನೆಯ ಎಂಜಿನ್‌ಗಳೂ ಅವನ ಅಂಗಳಕ್ಕೆ ಬರುತ್ತಿದ್ದವು. ಶಾಲೆಯ ಯಾವ ದಾಖಲೆಯಲ್ಲೂ ಇದು ಇಲ್ಲ, ಇರುವ ಪದ್ಧತಿಯೂ ಇಲ್ಲ.

ಫಲಿತಾಂಶ ಬಂದದ್ದು ಮೇ ಮೂರನೇ ವಾರ. ಅಂಗಡಿಮನೆಯವನು ಪೇಟೆಯ ಪಿಯು ಕಾಲೇಜಿಗೆ ಹೋಗಿ ನಾಲ್ಕು ಅರ್ಜಿ ತಂದ. ತೋಟದಮನೆಯವಳು ತನ್ನದನ್ನು ತುಂಬಿದಳು. ಉಳಿದ ಮೂರು ಅರ್ಜಿಗಳನ್ನು ಅವಳದನ್ನು ನೋಡಿಕೊಂಡು ತುಂಬಲಾಯಿತು. ಸಂಯೋಜನೆಯ ಜಾಗದಲ್ಲಿ ನಾಲ್ಕರಲ್ಲೂ ಪಿಸಿಎಂಬಿ: ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ.

‘ಪಿಸಿಎಂಬಿ ತಗೊಂಡ್ರೆ ಎಲ್ಲಾ ಬಾಗಿಲೂ ತೆರೆದಿರ್ತದೆ’ ಎಂಬ ಮಾತು ಕರಾವಳಿಯ ಮನೆಮನೆಯಲ್ಲೂ ಇದೆ. 571 ಬಂದವಳಿಗೆ ಅದು ಸುಳ್ಳಲ್ಲ. ಗಣಿತದಲ್ಲಿ 47 ಬಂದವನಿಗೆ ಆ ಬಾಗಿಲುಗಳು ತೆರೆದಿದ್ದರೂ ಹೊಸ್ತಿಲು ಎತ್ತರ. ಪ್ರಥಮ ಪಿಯು ಭೌತಶಾಸ್ತ್ರ ಅಳತೆಯ ಮಾನಗಳಿಂದ ಶುರುವಾಗಿ ಕೆಲವೇ ವಾರಗಳಲ್ಲಿ ಸದಿಶಗಳಿಗೆ, ಕಲನಶಾಸ್ತ್ರದ ಬಳಕೆಗೆ ಹೋಗುತ್ತದೆ. ಜೊತೆಗೆ ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಪಠ್ಯ ಒಮ್ಮೆಲೇ ಇಂಗ್ಲಿಷಾಗುತ್ತದೆ. ಈ ಎರಡು ಭಾರ ಒಂದೇ ತಿಂಗಳಲ್ಲಿ ಬೀಳುತ್ತವೆ.

ಗಮನಿಸಬೇಕಾದದ್ದು, ಆ ವಾರ ಯಾರು ಯಾರನ್ನು ಕೇಳಿದರು ಎಂಬುದು. ದೋಣಿಮನೆಯ ತಾಯಿ ತೋಟದಮನೆಯ ತಾಯಿಯನ್ನು ಕೇಳಿದರು. ಟೇಲರ್, ಅಂಗಡಿಯವರನ್ನು ಕೇಳಿದರು. ಅಂಗಡಿಯವರು ಮಗನನ್ನೇ ಕೇಳಿದರು. ನಾಲ್ಕು ಮನೆ ಸೇರಿದರೂ ಮಾಹಿತಿ ಒಂದೇ. ಅದೇ ವಾರಗಳಲ್ಲಿ ಪಾಲಿಟೆಕ್ನಿಕ್ ಪ್ರವೇಶದ ಅರ್ಜಿಗಳೂ ನಡೆಯುತ್ತಿದ್ದವು. ನಾಲ್ಕರಲ್ಲಿ ಒಂದು ಮನೆಗೂ ಅದು ತಿಳಿದಿರಲಿಲ್ಲ. ಐಟಿಐ ಗೊತ್ತಿತ್ತು. ಕೈಗಾ ಅಣು ವಿದ್ಯುತ್ ಕೇಂದ್ರದಲ್ಲಿ, ಕಾರವಾರದ ನೌಕಾನೆಲೆಯ ರಿಪೇರಿ ಯಾರ್ಡಿನಲ್ಲಿ ಅಪ್ರೆಂಟಿಸ್ ಆಗಿ ಹೋದವರು ಪ್ರತಿ ಊರಲ್ಲೂ ಒಬ್ಬಿಬ್ಬರು ಇದ್ದಾರೆ. ಆದರೆ ಐಟಿಐ ಎಂದರೆ ‘ಓದು ಹತ್ತದವರಿಗೆ’ ಎಂಬ ಮುದ್ರೆ, ಗುಂಪಿನಲ್ಲಿ ಒಬ್ಬ ಆ ಮಾತು ಎತ್ತಿದರೆ ತಾನೇ ಆ ಮುದ್ರೆ ಒತ್ತಿಸಿಕೊಂಡ ಹಾಗೆ.

ಇನ್ನೊಂದು ವಿಷಯ ದುಡ್ಡಿನದು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಕಾಲೇಜು ಪ್ರವೇಶ, ಪುಸ್ತಕ, ಟ್ಯೂಷನ್ ಶುಲ್ಕ ಎಲ್ಲವೂ ಬರುವುದು ಸರಿಯಾಗಿ ಈ ಅವಧಿಯಲ್ಲೇ. ಉಳಿದ ಮೂವರೂ ನಾಲ್ಕು ವಿಷಯದ ಟ್ಯೂಷನ್‌ಗೆ ಸೇರಿದ್ದರಿಂದ ದೋಣಿಮನೆಯವನೂ ಸೇರಿದ. ವಿಷಯಕ್ಕೆ 6,000ದಂತೆ 24,000 ರೂಪಾಯಿಯನ್ನು ಅಪ್ಪ ಬೋಟಿನ ಯಜಮಾನರಿಂದ ಮುಂಗಡವಾಗಿ ತಂದರು. ಮುಂಗಡ ತಂದವರು ಆ ಹಂಗಾಮಿನಲ್ಲಿ ಬೇರೆ ಬೋಟಿಗೆ ಹೋಗುವಂತಿಲ್ಲ. ಮಗನ ಗೆಳೆತನದ ಒಂದು ಎಳೆ ಹೀಗೆ ಅಪ್ಪನ ದುಡಿಮೆಯವರೆಗೂ ಹೋಗಿ ಸುತ್ತಿಕೊಂಡಿತು.

ಸಮಸ್ಯೆ ಕಾಣಿಸಿದ್ದು

ಮೊದಲ ಕಿರುಪರೀಕ್ಷೆ 25 ಅಂಕದ್ದು. ದೋಣಿಮನೆಯವನಿಗೆ ಜೀವಶಾಸ್ತ್ರದಲ್ಲಿ 14, ರಸಾಯನಶಾಸ್ತ್ರದಲ್ಲಿ 9, ಭೌತಶಾಸ್ತ್ರದಲ್ಲಿ 6, ಗಣಿತದಲ್ಲಿ 4. ಉಳಿದ ಮೂವರು ಅದನ್ನು ತಮ್ಮಲ್ಲೇ ಮುಚ್ಚಿಟ್ಟರು, ಮನೆಯವರಿಗೆ ‘ಇನ್ನೂ ಪೇಪರ್ ಕೊಡಲಿಲ್ಲ’ ಎಂದು ಒಟ್ಟಾಗಿ ಹೇಳಿದರು. ದೀಪಾವಳಿಯ ನಂತರ ಹುಡುಗ ಬಸ್ಸಿಗೆ ಬರುತ್ತಿದ್ದ, ಕಾಲೇಜಿನ ಗೇಟಿನಲ್ಲೇ ಇಳಿಯುತ್ತಿದ್ದ, ಒಳಗೆ ಹೋಗುತ್ತಿರಲಿಲ್ಲ. ಹೋಗುತ್ತಿದ್ದದ್ದು ಬಸ್‌ಸ್ಟ್ಯಾಂಡಿನ ಹಿಂದಿನ ಒಂದು ಬೈಕ್ ಗ್ಯಾರೇಜಿಗೆ. ಸಂಜೆ ಮತ್ತೆ ಅದೇ ಬಸ್ಸಿನಲ್ಲಿ, ಅದೇ ಗೆಳೆಯರ ಜೊತೆ ಮನೆಗೆ. ಪಿಯುನಲ್ಲಿ ಪರೀಕ್ಷೆಗೆ ಕೂರಲು 75 ಶೇಕಡಾ ಹಾಜರಾತಿ ಬೇಕು. ನವೆಂಬರ್ ಮಧ್ಯದಲ್ಲಿ ಹಾಜರಾತಿಯ ಪತ್ರ ಮನೆಗೆ ಬಂದಾಗಲೇ ಅಪ್ಪನಿಗೆ ತಿಳಿದದ್ದು.

ಗೆಳೆಯರು ಸುಳ್ಳು ಹೇಳಿದ್ದು ತಪ್ಪು ಎನ್ನುವುದು ಸುಲಭ. ಆದರೆ ಅವರ ಲೆಕ್ಕ ನೋಡಿ: ಮನೆಯಲ್ಲಿ ಗೊತ್ತಾದರೆ ಇವನನ್ನು ಬಿಡಿಸಿ ದೋಣಿಗೆ ಹಾಕುತ್ತಾರೆ, ಗೊತ್ತಾಗದಿದ್ದರೆ ಹೇಗೋ ದಾಟಿಸಬಹುದು. ಮೂರನೇ ದಾರಿ ಇದೆ ಎಂದು ಅವರಿಗೆ ತೋರಿಸಿದವರು ಯಾರೂ ಇರಲಿಲ್ಲ.

ಮೊದಲ ಪ್ರಯತ್ನ: ಬೇರ್ಪಡಿಸುವುದು

ಕಾಲೇಜಿನಲ್ಲಿ ಅಪ್ಪನನ್ನು ಕರೆಸಿ ಕೊಟ್ಟ ಸಲಹೆ ಎಲ್ಲ ಕಡೆ ಕೊಡುವಂಥದ್ದೇ: ಗುಂಪು ಬಿಡಿಸಿ. ಬೆಂಚು ಬದಲಾಯಿತು. ಬೆಳಗ್ಗೆ ಒಂದು ತಾಸು ಮೊದಲಿನ ಬಸ್ಸು, ಸಂಜೆ ಬೇರೆ ಬಸ್ಸು. ಎರಡು ವಾರದಲ್ಲಿ ಹಾಜರಾತಿ ಮೊದಲಿಗಿಂತ ಕೆಳಗೆ ಹೋಯಿತು. ಮೊದಲಾದರೆ ಬಸ್ಸಿನಲ್ಲಿ ಮೂವರು ‘ಇವತ್ತಾದ್ರೂ ಬಾರಾ’ ಎಂದು ಕರೆಯುತ್ತಿದ್ದರು. ಈಗ ಕರೆಯುವವರೂ ಇಲ್ಲ.

ಅಷ್ಟೇ ಅಲ್ಲ, ಯಾರೂ ಎಣಿಸದ ಕಡೆ ಇನ್ನೊಂದು ಬಿರುಕು ಬಿಟ್ಟಿತು. ತೋಟದಮನೆಯವಳು ಮತ್ತು ದೋಣಿಮನೆಯವನು ಇಳಿಯುತ್ತಿದ್ದದ್ದು ಕೊನೆಯ ಸ್ಟಾಪಿನಲ್ಲಿ. ಉಳಿದಿಬ್ಬರು ಅದಕ್ಕೂ ಮೊದಲೇ. ಸ್ಟಾಪಿನಿಂದ ಅವಳ ಮನೆಗೆ ಒಂದೂವರೆ ಕಿಲೋಮೀಟರ್, ಅರ್ಧ ಗದ್ದೆಬಯಲು, ಅರ್ಧ ಬೇಣ (ಹುಲ್ಲುಗುಡ್ಡ). ಡಿಸೆಂಬರಿನಲ್ಲಿ ಆರೂವರೆಗೇ ಕತ್ತಲೆ. ಪಕ್ಕದ ಮನೆಯ ಹುಡುಗ ಜೊತೆಗಿದ್ದಾನೆ ಎಂಬ ಧೈರ್ಯದಲ್ಲೇ ಅವಳನ್ನು ಪೇಟೆಯ ಕಾಲೇಜಿಗೆ ಕಳಿಸಿದ್ದು. ಅವನ ಬಸ್ಸು ಬದಲಾದ ವಾರವೇ ‘ಇವಳನ್ನೂ ಬಿಡಿಸಿ ಹತ್ತಿರದಲ್ಲಿ ಎಲ್ಲಾದರೂ ಆರ್ಟ್ಸ್‌ಗೆ ಹಾಕುವಾ’ ಎಂಬ ಮಾತು ಆ ಮನೆಯಲ್ಲಿ ಎದ್ದಿತು. ಒಬ್ಬನ ಅಂಕ ಸರಿಮಾಡಲು ಹೋಗಿ 571 ಬಂದವಳ ಓದಿಗೇ ಕುತ್ತು.

ಎರಡನೇ ಪ್ರಯತ್ನ: ಜೋಡಿ ಮಾಡುವುದು

ಬೇರ್ಪಡಿಸುವುದು ಕೈಕೊಟ್ಟ ಮೇಲೆ ಅದರ ತದ್ವಿರುದ್ಧ. ಟೇಲರ್ ಮನೆಯವನು ದಿನಾ ಸಂಜೆ 7ರಿಂದ 8.30ರವರೆಗೆ ಇವನಿಗೆ ಹೇಳಿಕೊಡಬೇಕು. ಹೂವಿನ ಸಂಗ ನಾರು ಸ್ವರ್ಗ ಸೇರೀತೆಂಬ ನಂಬಿಕೆ. ಮೂರು ವಾರದ ನಂತರ ಹೋಂವರ್ಕ್ ಪುಸ್ತಕ ತುಂಬಿತ್ತು, 20ಕ್ಕೆ 18. ಪರೀಕ್ಷೆಯಲ್ಲಿ ಗಣಿತ 25ಕ್ಕೆ 5.

ಏಕೆ ಹೀಗಾಯಿತು ಎಂದು ನೋಡಲು ಪ್ರೌಢಶಾಲೆಯ ಗಣಿತ ಶಿಕ್ಷಕಿ ಒಂದು ಸಂಜೆ ಅವರಿಬ್ಬರ ಪಕ್ಕದಲ್ಲಿ ಸುಮ್ಮನೆ ಕುಳಿತರು. ಕಂಡದ್ದು ಇಷ್ಟು: ಲೆಕ್ಕ ಬಲ್ಲವನು ಒಂದೇ ಉಸಿರಿನಲ್ಲಿ ಬಿಡಿಸುತ್ತಾನೆ, ಮೂರು ಮೆಟ್ಟಿಲನ್ನು ಒಂದಾಗಿ ಹಾರುತ್ತಾನೆ. ‘ಗೊತ್ತಾಯ್ತಾ?’ ಎಂದು ಕೇಳುತ್ತಾನೆ. ಇವನು ‘ಹ್ಞೂಂ’ ಎನ್ನುತ್ತಾನೆ. ಗೆಳೆಯನ ಮುಂದೆ ಮೂರನೇ ಸಲ ‘ಗೊತ್ತಾಗಲಿಲ್ಲ’ ಎನ್ನಲು ಆ ವಯಸ್ಸಿನ ಹುಡುಗರಿಗೆ ಆಗುವುದಿಲ್ಲ. ಅಪರಿಚಿತ ಮೇಷ್ಟರ ಮುಂದೆಯಾದರೂ ಹೇಳಿಯಾರು. ಶಿಕ್ಷಕಿ ಎಂಟು, ಒಂಬತ್ತನೇ ತರಗತಿಯ ಹತ್ತು ಲೆಕ್ಕ ಕೊಟ್ಟು ನೋಡಿದರು: ಭಿನ್ನರಾಶಿ ಕೂಡಿಸುವುದು, ಆವರಣ ಬಿಡಿಸುವಾಗ ಚಿಹ್ನೆ ಬದಲಿಸುವುದು, ಸಮೀಕರಣದಲ್ಲಿ ಪದವನ್ನು ಆಚೆ ಕಡೆಗೆ ಒಯ್ಯುವುದು. ಮೂರು ಸರಿ ಬಂದವು. ಚಲನೆಯ ಮೂರನೇ ಸಮೀಕರಣ ಅವನಿಗೆ ಬಾಯಿಪಾಠ ಬರುತ್ತಿತ್ತು, ಅದರಿಂದ ದೂರವನ್ನು ಬೇರೆ ಮಾಡಿ ಬರೆಯಲು ಬರುತ್ತಿರಲಿಲ್ಲ. ತೊಂದರೆ ಇದ್ದದ್ದು ಭೌತಶಾಸ್ತ್ರದಲ್ಲಲ್ಲ, ಎಂಟನೇ ತರಗತಿಯ ಬೀಜಗಣಿತದಲ್ಲಿ. ಪಿಯು ಲೆಕ್ಕವನ್ನು ಎಷ್ಟು ಸಲ ಹೇಳಿಕೊಟ್ಟರೂ ಅದು ಅಲ್ಲಿಗೆ ಇಳಿಯುವುದಿಲ್ಲ.

ಜಾಣರ ಜೊತೆ ಹಿಂದುಳಿದವರನ್ನು ಕೂಡಿಸಿದರೆ ಆಯಿತು ಎಂಬ ಲೆಕ್ಕಾಚಾರ ದೊಡ್ಡ ಪ್ರಮಾಣದಲ್ಲೂ ಕೈಕೊಟ್ಟದ್ದುಂಟು. ಅಮೆರಿಕದ ವಾಯುಪಡೆ ಅಕಾಡೆಮಿಯಲ್ಲಿ ಸ್ಕಾಟ್ ಕ್ಯಾರೆಲ್, ಬ್ರೂಸ್ ಸೇಸರ್‌ಡೋಟ್ ಮತ್ತು ಜೇಮ್ಸ್ ವೆಸ್ಟ್ ಎಂಬ ಅರ್ಥಶಾಸ್ತ್ರಜ್ಞರು, ಕಡಿಮೆ ಅಂಕ ಪಡೆಯಬಹುದಾದ ಹೊಸ ವಿದ್ಯಾರ್ಥಿಗಳನ್ನು ಜಾಣರು ಹೆಚ್ಚಿರುವ ತುಕಡಿಗಳಿಗೆ ಬೇಕೆಂದೇ ಹಾಕಿ ನೋಡಿದರು. 2013ರಲ್ಲಿ ಪ್ರಕಟವಾದ ಫಲಿತಾಂಶ ಅವರು ನಿರೀಕ್ಷಿಸಿದ್ದಕ್ಕೆ ತಿರುಗುಮುರುಗು: ಯಾರಿಗೆ ಸಹಾಯವಾಗಲೆಂದು ಮಾಡಿದ್ದೋ ಅವರ ಅಂಕಗಳೇ ಇಳಿದವು. ತುಕಡಿಯೊಳಗೆ ಹುಡುಗರು ತಮ್ಮಂಥವರನ್ನೇ ಹುಡುಕಿಕೊಂಡು ಒಳಗುಂಪು ಮಾಡಿಕೊಂಡಿದ್ದರು. ನಮ್ಮ ಪ್ರಕರಣದಲ್ಲಿ ಗೆಳೆತನ ಮೊದಲೇ ಗಟ್ಟಿಯಾಗಿದ್ದರಿಂದ ಅಂಥ ಒಡಕು ಬರಲಿಲ್ಲ. ಆದರೆ ಕಲಿಕೆಯೂ ಬರಲಿಲ್ಲ, ಉತ್ತರ ಮಾತ್ರ ಈ ಪುಸ್ತಕದಿಂದ ಆ ಪುಸ್ತಕಕ್ಕೆ ಬಂತು.

ಮೂರನೇ ಪ್ರಯತ್ನ: ಗೆಳೆತನ ಇರಲಿ, ಅರ್ಜಿ ಬೇರೆಯಾಗಲಿ

ಇಲ್ಲಿಂದ ಪ್ರಶ್ನೆಯೇ ಬದಲಾಯಿತು. ಇವರನ್ನು ಒಟ್ಟಿಗಿಡಬೇಕೋ ಬೇರೆ ಮಾಡಬೇಕೋ ಎನ್ನುವ ಬದಲು, ಒಟ್ಟಿಗಿದ್ದೂ ನಾಲ್ಕು ಬೇರೆ ನಿರ್ಧಾರ ತೆಗೆದುಕೊಳ್ಳಲು ಏನು ಅಡ್ಡಿ ಎಂದು ಶಿಕ್ಷಕಿ ಕೇಳಿಕೊಂಡರು. ಅವರು ಮಾಡಿದ್ದು ಒಂದು ಎ4 ಹಾಳೆ. ಅದರಲ್ಲಿ ಇಷ್ಟು ಪ್ರಶ್ನೆ.

ನಿನ್ನ ಮುಂದೆ ಇರುವ ಮೂರು ದಾರಿ ಬರೆ, ಅದರಲ್ಲಿ ಒಂದಾದರೂ ನಿನ್ನ ಗೆಳೆಯರು ಯಾರೂ ಹೋಗದ ದಾರಿಯಾಗಿರಬೇಕು. ಪ್ರತಿ ದಾರಿಗೂ: ಮೊದಲ ವರ್ಷದ ವಿಷಯಗಳು, ಅರ್ಜಿಯ ಕೊನೆಯ ದಿನ, ಬೇಕಾದ ಕಾಗದಪತ್ರ, ವರ್ಷದ ಶುಲ್ಕ ಮತ್ತು ಓಡಾಟದ ಖರ್ಚು, ಈಗಾಗಲೇ ಅಲ್ಲಿ ಓದುತ್ತಿರುವ ಒಬ್ಬರ ಹೆಸರು. ಕೊನೆಯ ಪ್ರಶ್ನೆ: ನೀನು ಆ ದಾರಿ ಹಿಡಿದರೆ ಯಾರಿಗೆ ತೊಂದರೆಯಾಗುತ್ತದೆ?

ಕೊನೆಯದನ್ನು ಶಿಕ್ಷಕಿ ಸೇರಿಸಿದ್ದು ಅಪ್ಪ ಅಮ್ಮನ ವಿರೋಧ ಇದ್ದರೆ ಗೊತ್ತಾಗಲಿ ಎಂದು. ಇಡೀ ಪ್ರಕರಣದ ಗಂಟು ಬಿಚ್ಚಿದ್ದು ಅದೇ.

ಕ್ರಮವೂ ಮುಖ್ಯವಾಗಿತ್ತು. ಮೊದಲು ಒಬ್ಬೊಬ್ಬರನ್ನೇ, ತಲಾ 40 ನಿಮಿಷ, ಕಾಲೇಜಿನಲ್ಲಲ್ಲ, ಹಳೆಯ ಪ್ರೌಢಶಾಲೆಯ ಕೋಣೆಯಲ್ಲಿ. ಮನೆಯವರು ಆಮೇಲೆ. ನಾಲ್ವರೂ ಒಟ್ಟಿಗೆ ಕೂರುವುದು ಕಟ್ಟಕಡೆಗೆ. ಈ ಕ್ರಮ ತಿರುಗಿಸಿದರೆ ಕೆಡುತ್ತದೆ: ನಾಲ್ವರಿಗೂ ಒಟ್ಟಿಗೆ ಹಾಳೆ ಕೊಟ್ಟರೆ ಒಂದೇ ಹಾಳೆ ನಾಲ್ಕು ಪ್ರತಿಯಾಗಿ ಬರುತ್ತದೆ, ಮೇ ತಿಂಗಳ ಅರ್ಜಿಯಂತೆಯೇ.

ದೋಣಿಮನೆಯವನು ಕೊನೆಯ ಪ್ರಶ್ನೆಗೆ ತೋಟದಮನೆಯವಳ ಹೆಸರು ಬರೆದಿದ್ದ. ತಾನು ಕಾಲೇಜು ಬಿಟ್ಟರೆ ಅವಳನ್ನು ಬಿಡಿಸುತ್ತಾರೆ ಎಂಬುದು ಅವನಿಗೆ ಜೂನ್‌ನಿಂದಲೇ ಗೊತ್ತಿತ್ತು. ಪಾಠ ತಲೆಗೆ ಹೋಗುವುದಿಲ್ಲ ಎಂದು ಮೊದಲ ತಿಂಗಳೇ ಅನಿಸಿದ್ದರೂ ದಿನಾ ಬಸ್ಸು ಹತ್ತುತ್ತಿದ್ದದ್ದು ಅದಕ್ಕೆ. ಎಲ್ಲರೂ ‘ಗೆಳೆಯರ ಹಿಂದೆ ಬಾಲದ ಹಾಗೆ ಹೋದವನು’ ಎಂದುಕೊಂಡಿದ್ದವನು ಒಂದು ಜವಾಬ್ದಾರಿ ಹೊತ್ತಿದ್ದ. ಇದು ತಿಳಿಯದೆ ಮಾಡಿದ ಮೊದಲೆರಡು ಪ್ರಯತ್ನ ಫಲಿಸುವುದು ಸಾಧ್ಯವೇ ಇರಲಿಲ್ಲ.

‘ಈಗಾಗಲೇ ಅಲ್ಲಿರುವ ಒಬ್ಬರು’ ಎಂಬ ಪ್ರಶ್ನೆಗೆ ಗುಂಪಿನಲ್ಲಿ ಉತ್ತರ ಇರಲಿಲ್ಲ. ಶಿಕ್ಷಕಿ ನೆನಪಿಸಿದ್ದು ಪಕ್ಕದ ಕೇರಿಯ ಒಬ್ಬ ಹುಡುಗನನ್ನು, ಕಾರವಾರದ ಪಾಲಿಟೆಕ್ನಿಕ್‌ನಲ್ಲಿ ಎರಡನೇ ವರ್ಷದ ಡಿಪ್ಲೊಮಾ ಓದುತ್ತಿದ್ದವನು. ಇವನಿಗೆ ವಾಲಿಬಾಲ್ ಅಂಗಳದಲ್ಲಿ ಮುಖ ನೋಡಿ ಗೊತ್ತು, ಅಷ್ಟೇ. ಒಂದು ಭಾನುವಾರದ ಮಾತುಕತೆಯಲ್ಲಿ ಮೂರು ವಿಷಯ ತಿಳಿದವು: ಡಿಪ್ಲೊಮಾ ಪ್ರವೇಶಕ್ಕೆ ನೋಡುವುದು ಎಸ್ಸೆಸ್ಸೆಲ್ಸಿ ಅಂಕ, ಪಿಯು ಅಲ್ಲ, ಮೂರು ವರ್ಷ ಮುಗಿದ ಮೇಲೆ ಡಿಸಿಇಟಿ (ಡಿಪ್ಲೊಮಾ ಮುಗಿಸಿದವರ ಪ್ರವೇಶ ಪರೀಕ್ಷೆ) ಬರೆದು ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ನೇರ ಸೇರಬಹುದು, ಹಿಂದುಳಿದ ವರ್ಗಗಳ ಹಾಸ್ಟೆಲಿಗೆ ಅರ್ಜಿ ಬೇರೆ, ದಿನಾಂಕ ಬೇರೆ. ಹೊಸ ಸುದ್ದಿ ಆಪ್ತರಿಂದಲ್ಲ, ಅಷ್ಟಕ್ಕಷ್ಟೇ ಪರಿಚಯದವರಿಂದ ಬರುತ್ತದೆ ಎಂದು ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ವಾದಿಸಿದ್ದರು. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಮೇ ತಿಂಗಳಲ್ಲಿ ನಾಲ್ಕು ಮನೆ ಒಂದನ್ನೊಂದು ಕೇಳಿಕೊಂಡು ಎಲ್ಲಿಗೂ ತಲುಪದೆ ಹೋದದ್ದೂ ಅದಕ್ಕೇ.

ನಾಲ್ವರ ಸಭೆ ಡಿಸೆಂಬರ್ ಕೊನೆಗೆ ನಡೆಯಿತು. ಅಂಗಡಿಮನೆಯವನಿಗೆ ಮೊದಲು ಸಿಟ್ಟು: ‘ಹಾಗಾದ್ರೆ ನಮ್ಮನ್ನೆಲ್ಲ ಬಿಟ್ಟು ಹೋಗ್ತ್ಯಾ?’ ದೋಣಿಮನೆಯವನು ಅಲ್ಲೇ ಮೆತ್ತಗಾದ, ‘ಇಲ್ಲ, ಇನ್ನೊಂದು ಟೆಸ್ಟ್ ನೋಡ್ತೆ’ ಎಂದ. ಆಗ ತೋಟದಮನೆಯವಳು ಹೇಳಿದ್ದು ಎಲ್ಲವನ್ನೂ ಇತ್ಯರ್ಥ ಮಾಡಿತು: ‘ನಂಗೆ ದಾರಿಗೆ ಜೊತೆ ಬೇಕು ಅಂತ ನೀನು ಫಿಸಿಕ್ಸ್ ಓದೂದು ಬೇಡ.’ ದೊಡ್ಡವರು ಇದನ್ನೇ ಹೇಳಿದ್ದರೆ ಅವನು ಕೇಳುತ್ತಿರಲಿಲ್ಲ. ಗುಂಪಿನಿಂದ ಹೊರಹೋಗಲು ಗುಂಪಿನ ಅಪ್ಪಣೆ ಬೇಕಿತ್ತು. ಅದು ಸಿಕ್ಕಿದ್ದು ಆ ಕ್ಷಣ.

ಅವಳ ದಾರಿಯ ಪ್ರಶ್ನೆಯನ್ನು ಮಾತಿನಲ್ಲೇ ಬಿಡಲಿಲ್ಲ. ಅದೇ ಬಸ್ಸಿಗೆ ಬರುವ ಪಕ್ಕದ ಮಜಿರೆಯ ಇಬ್ಬರು ಹುಡುಗಿಯರನ್ನು ಹುಡುಕಿ, ಅವರು ಒಂದು ಸ್ಟಾಪ್ ಮುಂದೆ ಬಂದು ಇವಳ ಜೊತೆ ಇಳಿದು ಒಳದಾರಿಯಲ್ಲಿ ಹೋಗುವುದೆಂದಾಯಿತು. ಒಂದು ಹಳೆಯ ಸೈಕಲ್ಲು, ಒಂದು ಟಾರ್ಚು. ಮುಂದಿನ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳ ಬಸ್ ಪ್ರಯಾಣ ಉಚಿತವಾದ ಮೇಲೆ ಖರ್ಚಿನ ಮಾತೂ ನಿಂತಿತು. ಆದರೆ ಅವಳ ಓದು ಉಳಿದದ್ದು ಟಿಕೆಟಿನಿಂದಲ್ಲ, ಆ ಒಂದೂವರೆ ಕಿಲೋಮೀಟರಿಗೆ ಜೊತೆ ಸಿಕ್ಕಿದ್ದರಿಂದ.

ಡಿಸೆಂಬರಿನ ತೊಡಕು

ನಿರ್ಧಾರ ಸರಿ, ಕಾಲ ತಪ್ಪು. ಪಾಲಿಟೆಕ್ನಿಕ್ ಪ್ರವೇಶ ಮುಗಿದು ತಿಂಗಳುಗಳಾಗಿದ್ದವು, ಐಟಿಐಗೂ ನಡುವರ್ಷದಲ್ಲಿ ಸೇರುವಂತಿಲ್ಲ. ಪಿಯುನಲ್ಲೇ ಸಂಯೋಜನೆ ಬದಲಿಸಲು ಇಲಾಖೆ ಕೊಡುವ ಗಡುವು ವರ್ಷದ ಆರಂಭದಲ್ಲೇ ಮುಗಿಯುತ್ತದೆ. ಮನೆಯವರ ಯೋಚನೆ: ಈಗಲೇ ಟಿಸಿ ತೆಗೆದು ಐದಾರು ತಿಂಗಳು ಬೋಟಿಗೆ ಹೋಗಲಿ, ಮುಂಗಡವಾದರೂ ತೀರೀತು.

ಇದನ್ನು ತಡೆಯಲು ಶಿಕ್ಷಕಿ ಬಹಳ ಶ್ರಮಪಟ್ಟರು, ಕಾರಣ ಸ್ಪಷ್ಟ. ಟಿಸಿ ತೆಗೆದ ದಿನದಿಂದ ಹುಡುಗ ಯಾವ ಶಾಲೆಯ ವಿದ್ಯಾರ್ಥಿಯೂ ಅಲ್ಲ: ಬಸ್ ಪಾಸ್ ಇಲ್ಲ, ವಿದ್ಯಾರ್ಥಿವೇತನ ಇಲ್ಲ, ಅರ್ಜಿಯ ದಿನಾಂಕ ನೆನಪಿಸುವ ನೋಟಿಸ್ ಬೋರ್ಡೂ ಇಲ್ಲ. ಹಂಗಾಮಿನ ನಡುವೆ ಬೋಟಿಗೆ ಹೋದ ಹದಿನೇಳರ ಹುಡುಗನ ಕೈಗೆ ಪಾಲಿನ ದುಡ್ಡು ಬರತೊಡಗಿದ ಮೇಲೆ ಜೂನ್‌ನಲ್ಲಿ ಅವನನ್ನು ಮತ್ತೆ ಬೆಂಚಿನ ಮೇಲೆ ಕೂರಿಸುವುದು ಕಷ್ಟ. ಆದ್ದರಿಂದ ಮಾರ್ಚ್‌ವರೆಗೆ ಕಾಲೇಜಿಗೆ ಹೋಗಬೇಕು, ಪರೀಕ್ಷೆಗೆ ಕೂರಬೇಕು, ಪಾಸಾಗಲೇಬೇಕೆಂಬ ಒತ್ತಡ ಬೇಡ. ವಾರಕ್ಕೆ ಮೂರು ಸಂಜೆ ಎಂಟನೇ ತರಗತಿಯ ಭಿನ್ನರಾಶಿಯಿಂದ ಶುರುಮಾಡಿ ಬೀಜಗಣಿತ, ತ್ರಿಕೋನಮಿತಿಯವರೆಗೆ ಗಣಿತ. ಡಿಪ್ಲೊಮಾದ ಮೊದಲ ವರ್ಷದಲ್ಲೂ ಗಣಿತ ಇರುತ್ತದೆ. ಕಾಲೇಜು ಬದಲಿಸಿದ ಮಾತ್ರಕ್ಕೆ ತಳದ ತೂತು ಮುಚ್ಚುವುದಿಲ್ಲ. ಟ್ಯೂಷನ್‌ನ ನಾಲ್ಕು ವಿಷಯಗಳಲ್ಲಿ ಎರಡನ್ನು ಬಿಟ್ಟು, ಉಳಿದ ಕಂತು ಕಟ್ಟದಿರಲು ಕೇಂದ್ರದವರನ್ನು ಒಪ್ಪಿಸಲಾಯಿತು.

ಅಪ್ಪನಿಗೆ ಜನವರಿಯಲ್ಲೇ ಹೇಳಿಡಲಾಯಿತು: ಎರಡು ವಿಷಯದಲ್ಲಿ ಫೇಲಾಗಬಹುದು, ಅದರಿಂದ ಮುಂದಿನ ಪ್ರವೇಶಕ್ಕೆ ತೊಂದರೆಯಿಲ್ಲ. ಹಾಗೇ ಆಯಿತು, ಗಣಿತ ಮತ್ತು ಭೌತಶಾಸ್ತ್ರ ಹೋದವು. ಮೊದಲೇ ಹೇಳಿರದಿದ್ದರೆ ಆ ಫಲಿತಾಂಶದ ದಿನವೇ ದೋಣಿಯ ನಿರ್ಧಾರ ಆಗಿಬಿಡುತ್ತಿತ್ತು. ಅಂಕಪಟ್ಟಿ ಮತ್ತು ಟಿಸಿಯನ್ನು ಮೇ ತಿಂಗಳಲ್ಲಿ, ಅರ್ಜಿ ಹಾಕುವ ವಾರವೇ ತೆಗೆದುಕೊಳ್ಳಲಾಯಿತು.

ಆಮೇಲೆ

2023ರಲ್ಲಿ ದೋಣಿಮನೆಯವನು ಕಾರವಾರದಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಸೇರಿದ. ಮೊದಲ ಸೆಮಿಸ್ಟರಿನ ಗಣಿತ 50ರ ಆಸುಪಾಸಿನಲ್ಲಿ ದಾಟಿತು, ವರ್ಕ್‌ಶಾಪಿನಲ್ಲಿ ಅವನೇ ಮುಂದು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಮುಚ್ಚಿದಾಗ ಕುಮಟಾ ಕಡೆಯಿಂದ ಕಾರವಾರಕ್ಕೆ ದಿನಾ ಓಡಾಡುವವರ ಪಾಠ ತಪ್ಪಿತು. ಇವನು ಹಾಸ್ಟೆಲಿನಲ್ಲಿದ್ದ, ಊರಿಗೆ ಬರಲು ರೈಲು ಹಿಡಿದ. ಅಂತಿಮ ವರ್ಷದ ಹೊತ್ತಿಗೆ ಅವನ ಎ4 ಹಾಳೆ ಎರಡನೇ ಬಾರಿ ತುಂಬಿತು: ಒಂದು ಡಿಸಿಇಟಿ, ಇನ್ನೊಂದು ಅಪ್ರೆಂಟಿಸ್, ಮೂರನೆಯದು ಔಟ್‌ಬೋರ್ಡ್ ಎಂಜಿನ್‌ಗಳ ಸರ್ವಿಸ್ ಅಂಗಡಿ.

ಟೇಲರ್ ಮನೆಯವನು ಮತ್ತು ತೋಟದಮನೆಯವಳು 2024ರಲ್ಲಿ ಸಿಇಟಿ ಬರೆದರು. ಅವರ ವಿಷಯದಲ್ಲಿ ಗೆಳೆತನ ನೇರವಾಗಿ ಲಾಭವಾದದ್ದು ಮಾಹಿತಿಯಲ್ಲಿ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿಗೆ 1ರಿಂದ 10ನೇ ತರಗತಿಯವರೆಗಿನ ವ್ಯಾಸಂಗ ಪ್ರಮಾಣಪತ್ರ ಬೇಕು, ಅದಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಬೇಕು ಎಂಬುದನ್ನು ಅವಳು ಜನವರಿಯಲ್ಲೇ ತಿಳಿದು ಅವನಿಗೂ ಹೇಳಿದಳು. ಆದರೆ ಅವನು ಮತ್ತೆ ಅವಳ ಅರ್ಜಿ ನೋಡಿಯೇ ತನ್ನದನ್ನು ತುಂಬಿದ. ಎರಡೂ ಮೀಸಲಾತಿಗೆ ಹೌದು ಎಂದು ಗುರುತು ಹಾಕಿದ. ಮೂರು, ನಾಲ್ಕನೇ ತರಗತಿಯನ್ನು ಅವನು ಹುಬ್ಬಳ್ಳಿಯಲ್ಲಿ ಮಾವನ ಮನೆಯಲ್ಲಿ ಓದಿದ್ದ. ಹತ್ತೂ ವರ್ಷ ಹಳ್ಳಿಯಲ್ಲಿ ಓದಿರಬೇಕೆಂಬ ಷರತ್ತು ಅಲ್ಲೇ ಮುರಿದಿತ್ತು. ಕನ್ನಡ ಮಾಧ್ಯಮದ್ದು ಮಾತ್ರ ಊರ್ಜಿತ. ಪ್ರಮಾಣಪತ್ರ ಒಟ್ಟುಮಾಡುವಾಗ ಸಿಕ್ಕಿಬಿದ್ದದ್ದರಿಂದ ಸರಿಯಾಯಿತು. ದಾಖಲೆ ಪರಿಶೀಲನೆಯಲ್ಲಿ ಗೊತ್ತಾಗಿದ್ದರೆ, ಆ ಮೀಸಲಾತಿ ನಂಬಿ ಮಾಡಿದ ಲೆಕ್ಕವೆಲ್ಲ ತಲೆಕೆಳಗಾಗುತ್ತಿತ್ತು. ಜಾಣರೂ ಗೆಳೆಯರ ಅರ್ಜಿ ನಕಲು ಮಾಡುತ್ತಾರೆ, ಅವರಿಗೆ ಪೆಟ್ಟು ತಡವಾಗಿ ಬೀಳುತ್ತದೆ, ಅಷ್ಟೇ ವ್ಯತ್ಯಾಸ. ಈಗ ಅವನು ಎಂಜಿನಿಯರಿಂಗ್ ಓದುತ್ತಿದ್ದಾನೆ. ಅವಳು ಕೃಷಿಕರ ಮಕ್ಕಳ ಕೋಟಾದ ಪ್ರಾಯೋಗಿಕ ಪರೀಕ್ಷೆಯನ್ನೂ ಬರೆದು ಶಿರಸಿಯ ಅರಣ್ಯ ಮಹಾವಿದ್ಯಾಲಯ ಸೇರಿದಳು, ಗುರುತಿನವರು ಯಾರೂ ಇಲ್ಲದ ಕಡೆ.

ಆ ಪ್ರೌಢಶಾಲೆ ಈಗ ಹಾಳೆಯನ್ನು ಹತ್ತನೇ ತರಗತಿಗೆ ಜನವರಿಯಲ್ಲೇ, ಪೂರ್ವಸಿದ್ಧತಾ ಪರೀಕ್ಷೆಗೂ ಮೊದಲು ಕೊಡುತ್ತದೆ. ಫಲಿತಾಂಶ ಬಂದ ಮೇಲೆ ಕೊಟ್ಟರೆ ಉಪಯೋಗವಿಲ್ಲ, ಆಗ ಅರ್ಜಿ ತರಲು ಒಬ್ಬ ಪೇಟೆಗೆ ಹೊರಟಾಗಿರುತ್ತದೆ. ಪಾಲಿಟೆಕ್ನಿಕ್, ಐಟಿಐ, ಪಿಯು, ಹಾಸ್ಟೆಲ್ ನಾಲ್ಕರ ದಿನಾಂಕಗಳೂ ಒಂದೇ ಬೋರ್ಡಿನಲ್ಲಿ ಇರುತ್ತವೆ. ಮೀನುಗಾರ ಮನೆಗಳ ಜಾತಿ, ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಿಂದ ಏಪ್ರಿಲ್‌ನಲ್ಲೇ ಮಾಡಿಸಿಡಲು ಹೇಳುತ್ತಾರೆ. ಗೆಳೆಯರ ಗುಂಪುಗಳನ್ನು ಒಡೆಯುವ ಕೆಲಸಕ್ಕೆ ಮಾತ್ರ ಕೈಹಾಕುವುದಿಲ್ಲ.

ಉಳಿದವನು ಅಂಗಡಿಮನೆಯವನು. ಈ ಪ್ರಕರಣದ ಕಡತದಲ್ಲಿ ಅವನ ಬಗ್ಗೆ ಅರ್ಧ ಪುಟವೂ ಇಲ್ಲ. ಅವನ ಹಾಳೆಯಲ್ಲಿ ಮೂರು ದಾರಿಯ ಜಾಗದಲ್ಲಿ ಒಂದೇ ಬರೆದಿತ್ತು, ಅದೂ ಪಿಸಿಎಂಬಿ. ಯಾರೂ ಮತ್ತೆ ಕೇಳಲಿಲ್ಲ, ಏಕೆಂದರೆ ಅವನು ಪಾಸಾಗುತ್ತಿದ್ದ. ಗುಂಪು ಚದುರಿದ ಮೇಲೆ ಎರಡನೇ ಪಿಯುನಲ್ಲಿ ಅವನ ಅಂಕ ಇಳಿಯುತ್ತ ಹೋಯಿತು. 2024ರ ಮಾರ್ಚ್‌ನ ಪರೀಕ್ಷೆ-1ರಲ್ಲಿ ರಸಾಯನಶಾಸ್ತ್ರ ಹೋಗಿ, ಪರೀಕ್ಷೆ-2ರಲ್ಲಿ ಕೂಡಿತು. ಈಗ ಬಿ.ಕಾಂ. ಓದುತ್ತಿದ್ದಾನೆ, ಪಿಯುನಲ್ಲಿ ಲೆಕ್ಕಶಾಸ್ತ್ರ ಕಲಿತು ಬಂದವರ ನಡುವೆ ಡೆಬಿಟ್, ಕ್ರೆಡಿಟ್‌ನಿಂದ ಶುರುಮಾಡಿ. ಅಂಗಡಿಯ ಉದ್ರಿ ಪುಸ್ತಕ ಹನ್ನೆರಡನೇ ವಯಸ್ಸಿನಿಂದ ಬರೆಯುತ್ತಿದ್ದ ಹುಡುಗ ಮೊದಲೇ ವಾಣಿಜ್ಯ ತೆಗೆದುಕೊಳ್ಳಬಹುದಿತ್ತು. ಆದರೆ ನಾಲ್ವರನ್ನೂ ಒಂದೇ ಕಡೆ ಸೇರಿಸಿದವನೇ ಬೇರೆ ಕಡೆ ಹೋಗುವುದು ಹೇಗೆ? ಇತ್ತೀಚಿನ ಹಾಳೆಯಲ್ಲಿ ಅದಕ್ಕೊಂದು ತಿದ್ದುಪಡಿ ಬಂದಿದೆ: ಗುಂಪಿಗೆಲ್ಲ ಅರ್ಜಿ ತರುವವನು ಯಾರೆಂದು ಮೊದಲು ವಿಚಾರಿಸಿ, 40 ನಿಮಿಷದ ಮಾತುಕತೆಯನ್ನು ಅವನಿಂದಲೇ ಆರಂಭಿಸುತ್ತಾರೆ, ಅವನ ಅಂಕ ಎಷ್ಟೇ ಇರಲಿ.